ಮೂರನೆಯ ಬ್ಯಾಡ

“ಚಹಾ ತಗೋತೀರೇನ್ರಿ?” ಎಂದು ಅಡುಗೆಮನೆಯ ಕಿಟ್ಲಿ ಕೇಳಿತು.

“ಬ್ಯಾಡ.”

“ಸ್ವಲ್ಪರೆ?”

“ಬ್ಯಾಡಂದ್ನೆಲ್ಲ!”

“ಹಂಗಂದ್ರ ಹೆಂಗ್ರಿ? ಮನಿಗೆ ಬಂದು ಬರೇ ಬಾಯೀಲೆ ಹೋಗೂದಾ? ಅರ್ಧಾ ಕಪ್ಪ?”

“ಇದು ನನ್ನ ಮನಿ ಐತಲೇ! ಬ್ಯಾಡ ಅಂದ್ರ ಬ್ಯಾಡ!” ಎಂದು ಅಡಿವೆಪ್ಪ ಸವಣೂರ ಕೂಗಿದ ಕೂಗಿಗೆ, ಹುಬ್ಬಳ್ಳಿ ನಿಲ್ದಾಣದಲ್ಲಿ ಸಿಗ್ನಲ್ಲಿಗಾಗಿ ಕಾಯುತ್ತಿದ್ದ ರೈಲೊಂದು ಇದೇ ಸಿಗ್ನಲ್ಲಿರಬೇಕೆಂದು ಹೊರಟೇಬಿಟ್ಟಿತು.

“ಆಯ್ತ್ರಿ,” ಎಂದು ಕಿಟ್ಲಿ ಸುಮ್ಮನಾಯಿತು. ಆದರೆ ಸುಮ್ಮನಾಗುವ ಮುನ್ನ ಫ್ರಿಜ್ಜಿಗೆ ಸುದ್ದಿ ಮುಟ್ಟಿಸಿತು, ಯಜಮಾನರು ಚಹಾ ಒಲ್ಲೆ ಅಂದರು ಅಂತ. ಕಣ್ಣು ಪಿಳುಕಿಸುವುದರೊಳಗೆ ಫ್ರಿಜ್ಜಿನ ಬಾಗಿಲು ಸರಿಯಿತು.

“ಮಜ್ಜಿಗಿ ತಗೋತೀರೇನ್ರಿ?”

ಅದು ಉಪ್ಪಿನ ಡಬ್ಬಿಗೂ ವಿಳಾಸ ಬಂದಿದ್ದ ಕಾಲ. ಮನೆಯ ಪ್ರತಿಯೊಂದು ಸಾಮಾನೂ ಇನ್ನೊಂದರ ಜೊತೆ ಮಾತಾಡುತ್ತಿತ್ತು. ಧಾರವಾಡದ ವಿಜ್ಞಾನಿ ಡಾ. ವಿಜಯಶ್ರೀ ಬಾಳಿಕಾಯಿ ಕಂಡುಹಿಡಿದ ಈ ಏರ್ಪಾಡಿಗೆ ಮಾತುಜಾಲ ಎಂದು ಹೆಸರು. ಪ್ರತಿ ಸಾಮಾನಿಗೂ ಒಂದು ನೆಲೆಯಂಕಿ. ಗೋಡೆಯೊಳಗೆ ಕೂತ ಹಾದಿಗಾರ ಎಂಬ ಪುಟ್ಟ ಪೆಟ್ಟಿಗೆ ಆ ಅಂಕಿ ನೋಡಿ ಯಾರ ಮಾತನ್ನು ಯಾರಿಗೆ ಮುಟ್ಟಿಸಬೇಕೋ ಅವರಿಗೆ ಮುಟ್ಟಿಸುತ್ತಿತ್ತು. ಬಚ್ಚಲ ನಲ್ಲಿ ತಿರುಗಿದರೆ ಟವೆಲ್ಲು ಬೆಚ್ಚಗಾಗಬೇಕು, ಹೊರಗೆ ಚಪ್ಪಲಿ ಬಿಟ್ಟರೆ ಒಳಗೆ ತಾಟು ಹಾಕಬೇಕು. ಅಂಥ ಮನೆಯನ್ನು ಇಡೀ ಹುಬ್ಬಳ್ಳಿಯಲ್ಲಿ ಮೊದಲು ಕಟ್ಟಿಸಿದವನು ಅಡಿವೆಪ್ಪ. ಅವನ ಲಾರಿಗಳನ್ನು ಸಾಲಾಗಿ ನಿಲ್ಲಿಸಿದರೆ ಮೂತಿ ಹುಬ್ಬಳ್ಳಿಯಲ್ಲೂ ಬಾಲ ಬೆಳಗಾವಿಯಲ್ಲೂ ಇರುತ್ತಿತ್ತು. ಅಂಥವನು ಈಗ ಒಂದು ಲೋಟ ಮಜ್ಜಿಗೆಯ ಮುಂದೆ ಸೋತು ಸುಣ್ಣವಾಗಿ ನಿಂತಿದ್ದ. ಮಜ್ಜಿಗೆಗೆ ಮೂರು ಸಲ ಬ್ಯಾಡ ಎಂದರೆ ಹಣ್ಣಿನ ಬುಟ್ಟಿ ಕೇಳುತ್ತಿತ್ತು. ಅದಕ್ಕೂ ಮೂರು ಸಲ ಎಂದರೆ ಫ್ಯಾನು. ಫ್ಯಾನಿಗೆ ಕಿಟಕಿಯೇ “ಬ್ಯಾಡ, ಗಾಳಿ ಬರಾಕತ್ತೇತಿ” ಎಂದು ಹೇಳಿದರೂ ಅವೆರಡೂ ತಮ್ಮತಮ್ಮಲ್ಲೇ ಇನ್ನೆರಡು ಸಲ ಉಪಚಾರ ಮಾಡಿಕೊಂಡು ಮುಗಿಸುವಷ್ಟರಲ್ಲಿ ಒಳಗಿದ್ದವರು ಬೆವರಿ ಅರ್ಧ ತೂಕ ಇಳಿದಿರುತ್ತಿದ್ದರು.

ಇಷ್ಟೇ ಆಗಿದ್ದರೆ ಅಡಿವೆಪ್ಪ ಹೇಗೋ ಸಹಿಸುತ್ತಿದ್ದ. ಆದರೆ ಮರುದಿನ ಮನೆಯ ವಾಸ್ತುಶಾಂತಿ. ಮತ್ತು ಆ ವಾಸ್ತುಶಾಂತಿಗೆ ಅಣ್ಣಿಗೇರಿಯ ಅಕ್ಕ ಬರುತ್ತಾಳೋ ಇಲ್ಲವೋ ಎಂಬುದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ತನಗೆ ಅದರ ಚಿಂತೆಯೇ ಇಲ್ಲ ಎಂದು ಅವನು ಹೆಂಡತಿ ಸುವರ್ಣಳಿಗೆ ಬೆಳಿಗ್ಗೆಯಿಂದ ಎಷ್ಟು ಸಲ ಹೇಳಿದ್ದನೆಂದರೆ, ಅವಳಿಗೆ ಅವನ ಚಿಂತೆ ಎಷ್ಟೆಂಬುದು ಚೆನ್ನಾಗಿ ತಿಳಿದುಹೋಗಿತ್ತು.

ಅಕ್ಕ ಬಸಲಿಂಗವ್ವ ಅವನನ್ನು ಎತ್ತಿ ಆಡಿಸಿದವಳು. ಅಣ್ಣಿಗೇರಿಯಲ್ಲಿ ಅವಳದು ಖಾರ ಕುಟ್ಟುವ ಗಿರಣಿ. ಅವಳು ಗಿರಣಿ ಚಾಲೂ ಮಾಡಿದರೆ ಗದಗಿನವರು ಸೀನುತ್ತಿದ್ದರು. ಹಿಂದೊಮ್ಮೆ ಅಡಿವೆಪ್ಪ ಮಗಳ ಮದುವೆಗೆ ಅಕ್ಕನಿಗೆ ಫೋನು ಮಾಡಿ ಕರೆದಿದ್ದ. ಅಕ್ಕ, “ನನಗ ಆಗಂಗಿಲ್ಲ ಬಿಡಪಾ, ಗಿರಣಿ ಕೆಲಸ ಭಾಳ ಐತಿ,” ಎಂದಳು. ಇವನು, “ಆತು ಹಂಗಾರ,” ಎಂದು ಫೋನು ಇಟ್ಟ. ಅಷ್ಟೇ. ಆ ಕಡೆ ಅಕ್ಕ ಹೊಸ ಇಳಕಲ್ ಸೀರೆ ತೆಗೆದಿಟ್ಟು ಎರಡನೆಯ ಕರೆಗೆ ಕಾದಳು. ಒಮ್ಮೆ ಕರೆದು ಬಿಡುವುದು ಗುರುತಿಲ್ಲದವರನ್ನು. ತನ್ನವರನ್ನು ಯಾರಾದರೂ ಹಾಗೆ ಕರೆಯುತ್ತಾರೆಯೇ? ಈ ಕಡೆ ತಮ್ಮ, ಕರೆದರೂ ಬರಲಿಲ್ಲವಲ್ಲ ಎಂದು ಹಲ್ಲು ಕಡಿದ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಈ ಸಲ ಎಲ್ಲರನ್ನೂ ಕರೆಯುವ ಕೆಲಸವನ್ನು ಮಾತುಜಾಲಕ್ಕೆ ಒಪ್ಪಿಸಿದ್ದರು. ಯಾರ ಮನೆಯಲ್ಲಿ ಯಾವ ಯಂತ್ರ ಹತ್ತಿರವಿದೆಯೋ ಅದರ ಬಾಯಲ್ಲೇ ಕರೆ ಹೋಗುತ್ತಿತ್ತು. ಅಕ್ಕನಿಗೆ ಗಿರಣಿಯೇ ಹೇಳಿತು.

“ಏನಂದ್ಳು?” ಎಂದು ಅಡಿವೆಪ್ಪ ಗೋಡೆಯನ್ನು ಕೇಳಿದ.

“‘ನನಗ ಪುರಸೊತ್ತಿಲ್ಲ’ ಅಂದ್ರು,” ಎಂದಿತು ಗೋಡೆ.

“ನೋಡಿದ್ಯಾ?” ಎಂದು ಅವನು ಸುವರ್ಣಳ ಕಡೆ ತಿರುಗಿದ. “ಹೇಳಿದ್ನೆಲ್ಲ?” ಮತ್ತೆ ಗೋಡೆಗೆ, “ಬಿಡ್ರಿ ಇನ್ನ, ಸಾಕು!” ಎಂದ.

“ಬಿಡಂಗಿಲ್ರಿ,” ಎಂದಿತು ಗೋಡೆ. “ಇನ್ನೂ ಎರಡು ಸಲ ಕರೀಬೇಕು.”

ಎರಡನೆಯ ಸಲ ಅಕ್ಕ ಗಿರಣಿಗೆ, “ಯಾಕ, ಅವಂಗ ಬಾಯಿಲ್ಲೇನು?” ಎಂದಳು. ಮೂರನೆಯ ಸಲ, “ನೋಡೂಣು,” ಎಂದಳು.

“ನೋಡೂಣು ಅಂದ್ರ ಏನ್ರಿ?” ಎಂದು ಗೋಡೆ ಕೇಳಿತು. “ಹೌದೋ, ಇಲ್ಲೋ?”

“ಬರಂಗಿಲ್ಲ ಅಂತ!” ಎಂದು ಅಡಿವೆಪ್ಪ ಗುಡುಗಿದ. “ಹೊಯ್ಕೊಂಡು ಹೊಯ್ಕೊಂಡು ನನ್ನ ಮಾನಾನೂ ಕಳದ್ರೆಲ್ಲ! ಏ, ಆ ಡಾಕ್ಟರ್ ಮೇಡಂ ಅವ್ರನ್ನ ಕರಸು! ಈಗಿಂದೀಗ!”

ಡಾ. ವಿಜಯಶ್ರೀ ಬಂದಾಗ ಬಾಗಿಲು ಅವರನ್ನು ಮೂರು ಸಲ ಸ್ವಾಗತಿಸಿತು, ಕುರ್ಚಿ ಮೂರು ಸಲ ಕೂಡ್ರಿ ಎಂದಿತು. ಅವರು ನಗುತ್ತ ಕೂತರು.

“ಏನ್ ತ್ರಾಸ ಆಗೇತ್ರಿ ಸಾವ್ಕಾರ್ರ?”

“ತ್ರಾಸ? ನನ್ನ ಮನಿಯೊಳಗ ನಾನು ‘ಬ್ಯಾಡ’ ಅಂದು ಅಂದು ನಾಲಿಗಿ ಸವದು ಎಲಿಯಷ್ಟು ತೆಳ್ಳಗಾಗೇತ್ರಿ! ಒಂದು ಸಲ ಹೇಳಿದ್ರ ಯಾಕ್ರಿ ತಿಳಿಯಂಗಿಲ್ಲ ಇವಕ್ಕ? ಕಿವುಡ ಏನು?”

“ಕಿವುಡ ಅಲ್ರಿ. ನೀವು ಸಾಮಾನು ಕಳಸೂ ಮಂದಿ, ನಿಮಗ ಹೇಳೂದು ಸುಲಭ ಐತಿ. ಒಂದು ದೊಡ್ಡ ಕಪಾಟು ಪುಣೆಗೆ ಕಳಸಬೇಕು, ಇಡೀದು ಲಾರಿಯೊಳಗ ಹಿಡಿಯಂಗಿಲ್ಲ. ಏನ್ ಮಾಡ್ತೀರಿ?”

“ಬಿಚ್ಚತೀವ್ರಿ. ಬಾಗಲಾ ಬ್ಯಾರೆ, ಹಲಗಿ ಬ್ಯಾರೆ. ಎಲ್ಲಾದರ ಮ್ಯಾಲೂ ವಿಳಾಸ ಹಚ್ಚಿ, ನಂಬರ್ ಹಾಕಿ ಕಳಸತೀವಿ. ಒಂದು ಲಾರಿ ಕೊಲ್ಹಾಪುರದ ಮ್ಯಾಲೆ ಹೋಗ್ಲಿ, ಒಂದು ಸೊಲ್ಲಾಪುರದ ಮ್ಯಾಲೆ. ಪುಣೆದಾಗ ನಂಬರ್ ನೋಡಿ ಜೋಡಸತಾರ.”

“ಮಾತುಜಾಲದಾಗ ಮಾತೂ ಹಂಗ ಹೋಗ್ತೇತ್ರಿ. ಕಿಟ್ಲಿ ಫ್ರಿಜ್ಜಿಗೆ ಹೇಳೂ ಮಾತು ಸಣ್ಣ ಸಣ್ಣ ಪೊಟ್ಟಣ ಆಗತೇತಿ. ಒಂದೊಂದರ ಮ್ಯಾಲೂ ಯಾರಿಂದ, ಯಾರಿಗೆ, ಎಷ್ಟನೇದು ಅಂತ ಬರದಿರ್ತೇತಿ. ಹಾದಿಗಾರ ಅವನ್ನ ಹಾದಿ ಹಚ್ಚತಾನ. ಮುಟ್ಟಿದ ಮ್ಯಾಲೆ ಆ ಕಡೆಯಿಂದ ‘ಮುಟ್ತು’ ಅಂತ ಉತ್ತರ ಬರಬೇಕು. ಬರಲಿಲ್ಲಂದ್ರ?”

“ಹಾದ್ಯಾಗ ಎಲ್ಲೋ ಲಾರಿ ಪಲ್ಟಿ ಆಗೇತಿ ಅಂತ. ಮತ್ತೊಮ್ಮೆ ಕಳಸಬೇಕು.”

“ಶಹಬ್ಬಾಸ್! ಉತ್ತರ ಬರಲಿಲ್ಲಂದ್ರ ಮತ್ತ ಕೇಳೂದು ಜಗತ್ತಿನ ಎಲ್ಲಾ ಜಾಲದಾಗೂ ಇರೂ ನಿಯಮ.”

“ಆದ್ರ ನಾ ಉತ್ತರ ಕೊಟ್ಟೀನೆಲ್ರೀ! ‘ಬ್ಯಾಡ’ ಅನ್ನೂದು ಉತ್ತರ ಅಲ್ಲೇನು?”

ಡಾ. ವಿಜಯಶ್ರೀ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆ ಪ್ರಶ್ನೆಯೇ ಅವರನ್ನು ಎರಡು ವರ್ಷ ನಿದ್ದೆಗೆಡಿಸಿತ್ತು. ಮೊದಮೊದಲು ಮಾತುಜಾಲ ಒಮ್ಮೆ ಕೇಳಿ, ಬ್ಯಾಡ ಎಂದರೆ ಬಿಟ್ಟುಬಿಡುತ್ತಿತ್ತು. ಪ್ರಯೋಗಕ್ಕೆ ಹಾಕಿದ ಮನೆಗಳಿಂದ ದೂರುಗಳ ಮಳೆ ಸುರಿಯಿತು. ಯಂತ್ರಕ್ಕೆ ಮರ್ಯಾದೆ ಗೊತ್ತಿಲ್ಲ, ಬೀಗರು ಉಪವಾಸ ಹೋದರು, ಮಾವನವರಿಗೆ ಎರಡನೆಯ ರೊಟ್ಟಿಯೇ ಬೀಳಲಿಲ್ಲ ಎಂದು ಜನ ಅವರ ಪ್ರಯೋಗಶಾಲೆಯ ಮುಂದೆ ಧರಣಿ ಕೂತಿದ್ದರು. ಆಗ ಅವರಿಗೆ ಹೊಳೆಯಿತು: ಈ ಸೀಮೆಯಲ್ಲಿ ಮೊದಲನೆಯ ಬ್ಯಾಡ ಸಂಕೋಚದ್ದು, ಎರಡನೆಯದು ಮರ್ಯಾದೆಯದು, ಮೂರನೆಯದು ಮಾತ್ರ ಹೊಟ್ಟೆಯದು. ಹಾಗೆ ಹುಟ್ಟಿದ್ದು ಉಪಚಾರ ಸೂತ್ರ. ಮೂರನೆಯ ಬ್ಯಾಡ ಬರುವ ತನಕ ಯಾವ ಸಾಮಾನೂ ನಿರಾಕರಣೆಯನ್ನು ಉತ್ತರವೆಂದು ಒಪ್ಪಕೂಡದು.

“ಇದು ನಮ್ಮ ಮಂದಿ ರೀತಿರೀ,” ಎಂದರು ಅವರು.

“ನನ್ನ ರೀತಿ ಅಲ್ಲ! ನಂದು ಒಂದ ಮಾತು. ಹೌದಂದ್ರ ಹೌದು, ಬ್ಯಾಡಂದ್ರ ಬ್ಯಾಡ. ಆ ಸೂತ್ರ ಕಿತ್ತು ಒಗೀರಿ!”

“ಸಾವ್ಕಾರ್ರ, ನಾಳೆ ಕಾರ್ಯ ಐತಿ. ಒಮ್ಮೆ ವಿಚಾರ ಮಾಡ್ರಿ.”

“ಮಾಡೇನಿ.”

“ಕಿತ್ತಲಾ?”

“ಕಿತ್ತರಿ.”

“ಖರೇ ಕಿತ್ತಲಾ?”

“ಮೇಡಂ!” ಎಂದು ಅಡಿವೆಪ್ಪ ಅಳುವ ದನಿಯಲ್ಲಿ ಕೈಮುಗಿದ. “ನೀವೂ ಸುರು ಹಚ್ಚಿದ್ರೇನ್ರಿ?”

ಅವರು ಹಾದಿಗಾರನ ಪೆಟ್ಟಿಗೆ ತೆರೆದು ಸೂತ್ರ ತೆಗೆದುಹಾಕಿದರು. ಮನೆ ಒಮ್ಮೆಲೇ ಶಾಂತವಾಯಿತು. ಕಿಟ್ಲಿ ಚಹಾ ಬೇಕೇ ಎಂದಿತು, ಅಡಿವೆಪ್ಪ ಬ್ಯಾಡ ಎಂದ, ಕಿಟ್ಲಿ ಬಾಯಿ ಮುಚ್ಚಿತು. ಆ ಸುಖಕ್ಕೆ ಅವನ ಕಣ್ಣಲ್ಲಿ ಬಂದ ನೀರನ್ನು ಹಿಡಿದಿಟ್ಟಿದ್ದರೆ ಉಣಕಲ್ ಕೆರೆ ಇನ್ನೊಮ್ಮೆ ತುಂಬುತ್ತಿತ್ತು.

ಮರುದಿನ ಪೂಜೆ ಮುಗಿಯಿತು, ಜನ ಊಟಕ್ಕೆ ಕೂತರು. ಬಡಿಸುವ ಗಾಡಿಗಳು ಹೋಳಿಗೆ ಹೊತ್ತು ಸಾಲುಗಳ ನಡುವೆ ಉರುಳಿದವು. “ಹೋಳಿಗಿ?” ಎಂದವು. ಜನ ಎಂದಿನಂತೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, “ಏ ಸಾಕ್ ಸಾಕು,” ಎಂದರು. “ಆಯ್ತ್ರಿ,” ಎಂದು ಗಾಡಿಗಳು ಮುಂದೆ ಹೋದವು. ಹಿಂತಿರುಗಿ ನೋಡಲಿಲ್ಲ. ಅಡ್ಡ ಹಿಡಿದ ಕೈ ಅಡ್ಡವೇ ಉಳಿಯಿತು. ತುಪ್ಪವೂ ಹಾಗೆಯೇ ಹೋಯಿತು. ಐದು ಹೋಳಿಗೆ ತಿನ್ನುವ ಆಸಾಮಿಗಳು ಬರಿ ಕೋಸಂಬರಿ ನೆಕ್ಕುತ್ತ ಪರಸ್ಪರ ಮುಖ ನೋಡಿಕೊಂಡರು. ಅಡುಗೆಮನೆಯಲ್ಲಿ ಉಳಿದ ಹೋಳಿಗೆಯ ರಾಶಿ ನೃಪತುಂಗ ಬೆಟ್ಟದ ಎತ್ತರಕ್ಕೆ ಬೆಳೆಯಿತು.

“ಅಲ್ರೀ, ಮಂದಿ ಯಾಕ ಹಿಂಗ ಬಿರುಗಣ್ಣು ಬಿಡಾಕತ್ತಾರ?” ಎಂದು ಸುವರ್ಣ ಗಂಡನನ್ನು ತಿವಿದಳು.

“ಹೊಟ್ಟಿ ತುಂಬೇತಿ, ಅದಕ್ಕ,” ಎಂದ ಅಡಿವೆಪ್ಪ. ಅವನ ಕಣ್ಣು ಬಾಗಿಲ ಕಡೆಗಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವನು ನೋಟ ಕಿತ್ತು, ಎತ್ತಿದ ಎಲೆ ಹಾಕಿಸಲು ಸಿಟ್ಟಿನಿಂದ ಹಿತ್ತಲಿಗೆ ಹೋದ. ಅಲ್ಲಿ ನಿಂತಿದ್ದಾಗಲೇ ಅಡುಗೆಮನೆಯ ಗೋಡೆ ಶಾಂತವಾಗಿ ಹೇಳಿತು:

“ಒಂದು ತಾಟು ಕಡಿಮಿ ಮಾಡೀನ್ರಿ. ಅಣ್ಣಿಗೇರಿ ಬಸಲಿಂಗವ್ವನೋರು ವಾಪಸ್ ಹೋದ್ರು.”

ಅಡಿವೆಪ್ಪ ಗೋಡೆಯ ಕಡೆ ಗಕ್ಕನೆ ತಿರುಗಿದ.

“ಏನಂದಿ? ಯಾವಾಗ ಬಂದಿದ್ಳು?”

“ಈಗ ಬಂದಿದ್ರು. ಬಾಗಲಾ ‘ಒಳಗ ಬರ್ರಿ’ ಅಂತು. ಅವರು ‘ಇರ್ಲಿ ಬಿಡು, ಇಲ್ಲೇ ನಿಂತು ಹೋಗ್ತೀನಿ’ ಅಂದ್ರು. ಬಾಗಲಾ ‘ಆಯ್ತ್ರಿ’ ಅಂದು ಮುಚ್ಚಿಕೊಂತು. ಬಾಗಲಾ ಗೇಟಿಗೆ ಹೇಳ್ತು, ಗೇಟು ಆಟೋಕ್ಕ ಹೇಳ್ತು, ಆಟೋ ನನಗ ಹೇಳ್ತು. ಎಲ್ಲಾ ಮುಟ್ಟೇತ್ರಿ. ಒಂದು ಮಾತೂ ಹಾದ್ಯಾಗ ಕಳೀಲಿಲ್ಲ.”

“ನಿನ್ನ ಮನಿ ಹಾಳಾಗ!” ಎಂದು ತನ್ನ ಮನೆಗೆ ತಾನೇ ಶಪಿಸಿ ಅಡಿವೆಪ್ಪ ಓಡಿದ. ಹೊಸ ರೇಷ್ಮೆ ಧೋತರ ಕಚ್ಚೆ ಬಿಚ್ಚಿ ಹಿಂದೆ ಧ್ವಜದಂತೆ ಹಾರುತ್ತಿತ್ತು. ಚಾಲಕನಿಲ್ಲದ ಆ ಆಟೋ ಆಗಲೇ ಓಣಿಯ ತಿರುವಿನಲ್ಲಿತ್ತು. ಅವನು ಓಡಿದ ರಭಸಕ್ಕೆ ಎದ್ದ ಧೂಳಿನಲ್ಲಿ ಓಣಿಯ ಕೋಳಿಗಳು ಸಂಜೆಯಾಯಿತೆಂದು ಗೂಡು ಸೇರಿದವು.

“ನಿಲ್ಲಸು!” ಎಂದು ಆಟೋ ಪಕ್ಕದಲ್ಲೇ ಓಡುತ್ತ ಕೂಗಿದ.

ಆಟೋ ಒಳಗಿದ್ದವಳನ್ನು ವಿನಯದಿಂದ ಕೇಳಿತು: “ನಿಲ್ಲಸಲೇನ್ರಿ?”

“ಬ್ಯಾಡ,” ಎಂದಳು ಇಳಕಲ್ ಸೀರೆಯ ಬಸಲಿಂಗವ್ವ, ಎದುರಿಗೇ ನೋಡುತ್ತ.

“ಆಯ್ತ್ರಿ,” ಎಂದು ಆಟೋ ವೇಗ ಹೆಚ್ಚಿಸಿತು.

“ಅಕ್ಕಾ! ಮನಿಗೆ ಬಾ!”

“ನಾ ಯಾಕ ಬರ್ಲಿ? ನಿನ್ನ ಬಾಗಲಕ್ಕೂ ನಾ ಬ್ಯಾಡಾದೆ. ನಿನ್ನಿ ನಮ್ಮ ಗಿರಣಿ ಮೂರ್ ಸಲ ಕರೀತು ಅಂತ ಬಂದೆ. ಕಬ್ಬಿಣಕ್ಕಿದ್ದ ಕರಳು ನಿನಗಿಲ್ಲ.”

“ಬಾಗಲಾ ಅಲ್ಲಬೇ, ನಾನ... ನಾನ ಹೇಳಿ ತಗಿಸಿದ್ದು...” ಎಂದು ಅಡಿವೆಪ್ಪ ಏದುಸಿರು ಬಿಟ್ಟ. ಹಾದಿಗಾರ, ಪೊಟ್ಟಣ, ಸೂತ್ರ ಎಲ್ಲವನ್ನೂ ಓಡುತ್ತ ವಿವರಿಸುವುದು ಆಗದ ಮಾತಾಗಿತ್ತು. “ಅಕ್ಕಾ, ಬಾರಬೇ! ಕೈಮುಗೀತೀನಿ!”

“ಗಿರಣಿ ಕೆಲಸ ಐತಿ.”

ಆ ಮಾತು ಕೇಳಿದ್ದೇ ಅವನ ಕಾಲು ನಿಂತುಹೋಯಿತು. ಮಗಳ ಮದುವೆಗೆ ಕರೆದಾಗ ಅಕ್ಕ ಫೋನಿನಲ್ಲಿ ಹೇಳಿದ್ದೂ ಇದನ್ನೇ. ಅವತ್ತು ತಾನು ಏನು ಹೇಳಿ ಫೋನು ಇಟ್ಟಿದ್ದೆನೆಂಬುದು ಅವನಿಗೆ ನೆನಪಾಯಿತು. ಆಟೋ ನಾಲ್ಕು ಮಾರು ಮುಂದೆ ಹೋಯಿತು, ಎಂಟು ಮಾರು ಹೋಯಿತು. ಅಡಿವೆಪ್ಪ ಧೋತರ ಎತ್ತಿ ಕಟ್ಟಿ, ಅರವತ್ತು ದಾಟಿದ ಮೊಣಕಾಲುಗಳನ್ನು ಬೈಯುತ್ತ ಮತ್ತೆ ಬೆನ್ನಟ್ಟಿದ.

“ಅಕ್ಕಾ, ನಿನ್ನ ಬಿಟ್ಟು ನಾ ಇನ್ನೂ ಉಂಡಿಲ್ಲ. ಬಾ.”

ಬಸಲಿಂಗವ್ವ ಮೊದಲ ಸಲ ಕತ್ತು ತಿರುಗಿಸಿದಳು. ತಮ್ಮನ ಕೆಂಪು ಮುಖವನ್ನೂ ಬಿಚ್ಚಿದ ಕಚ್ಚೆಯನ್ನೂ ಒಂದಿಷ್ಟು ಹೊತ್ತು ನೋಡಿದಳು.

“ಎಷ್ಟ್ ಸಣ್ಣ ದನೀಲೆ ಕರೀತೀಯೋ ಅಡಿವ್ಯಾ. ಓಣ್ಯಾಗಿನ ಮಂದಿಗೆ ಕೇಳಬ್ಯಾಡಾ? ಇನ್ನೊಮ್ಮೆ ಕರಿ.”

ಅವನು ಕರೆದ. ಆ ಕರೆಗೆ ಓಣಿಯ ಅಷ್ಟೂ ಕಿಟಕಿಗಳು ತಾವಾಗಿ ತೆರೆದವು. ಧಾರವಾಡದಲ್ಲಿ ತಮ್ಮಂದಿರ ಮೇಲೆ ಮುನಿಸಿಕೊಂಡಿದ್ದ ಅಕ್ಕಂದಿರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತರು.

“ಇಳೀತೀರೇನ್ರಿ?” ಎಂದು ಆಟೋ ಕೇಳಿತು, ಒಂದೇ ಸಲ.

“ಇಳೀತೀನಿ ನಿಲ್ಲಪಾ,” ಎಂದಳು ಬಸಲಿಂಗವ್ವ.