ಕರೆಯುವ ಹಕ್ಕು ಅವಳದು

"ಇದು ನನ್ನ ಜಾಗ. ಎದ್ದೇಳು."

ಗಾಲ್ವೇ ನಗರದ ಶಾಪ್ ಸ್ಟ್ರೀಟಿನಲ್ಲಿ, ಮುಚ್ಚಿದ ಅಂಗಡಿಯೊಂದರ ಮುಂದೆ ಗಿಟಾರ್ ಹಿಡಿದು ಕೂತಿದ್ದವನು ತಲೆಯೆತ್ತಿ ನೋಡಿದ. ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು ಸೊರಖಾ. ಮೂಗಿನ ತುದಿಯಲ್ಲೇ ಸಿಟ್ಟು.

"ನಿನ್ನ ಹೆಸರೇನೂ ಬರೆದಿಲ್ವಲ್ಲ ಇಲ್ಲಿ," ಅಂದ ಅವನು.

ಅವಳು ನಿಂತಲ್ಲೇ ಕಣ್ಣು ಮುಚ್ಚಿ ತಾನೇ ಬರೆದ ಹಾಡೊಂದನ್ನು ಎತ್ತಿಕೊಂಡಳು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವನ ಗಿಟಾರ್ ಜೊತೆಗೂಡಿತ್ತು...

ಅವನ ಹೆಸರು ಕೋಲಮ್. ಅವತ್ತಿನಿಂದ ಅವಳು ಎಲ್ಲಿ ಹಾಡಿದರೂ ಹಿಂದೆ ಅವನ ಗಿಟಾರ್ ಇರುತ್ತಿತ್ತು.

ಸೊರಖಾಳಿಗೆ ಹಾಡು ಹೊರತರುವ ಕಂಪನಿಯಿಲ್ಲ, ಮ್ಯಾನೇಜರಿಲ್ಲ. ತಾನೇ ಬರೆದು, ಅಡುಗೆಮನೆಯಲ್ಲಿ ರೆಕಾರ್ಡ್ ಮಾಡಿ, ಹಳೇ ಕಾರಿಗೆ ಸಿಡಿ ತುಂಬಿಕೊಂಡು ಊರೂರು ಅಲೆಯುವವಳು. ಪಬ್ಬುಗಳಲ್ಲಿ ಟಿವಿಯಲ್ಲಿ ಮ್ಯಾಚ್ ನೋಡುವವರ ಬೆನ್ನಿಗೆ ಹಾಡಿದ್ದಳು. ಈಗೀಗ ಯಾರದೋ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಕೇಳುವವರು ಸಿಗತೊಡಗಿದ್ದರು. ಯಾರ ಮುಂದೆಯೂ ಏನನ್ನೂ ಬೇಡಿದವಳಲ್ಲ ಅನ್ನುವುದೇ ಅವಳ ದೊಡ್ಡ ಹೆಮ್ಮೆ. ಕೋಲಮ್‌ನನ್ನೂ ಒಂದು ದಿನವೂ ಬಾ ಅಂದಿರಲಿಲ್ಲ. ಅವನೇ ಬರುತ್ತಿದ್ದ. ಮನಸ್ಸಿನಲ್ಲಿದ್ದುದನ್ನು ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಆಮೇಲೆ ಕ್ಲೋಡಾ ಬಂದಳು.

ಲಿಮರಿಕ್‌ನ ಹುಡುಗಿ. ಅವಳದೊಂದು ಹಾಡು ರೇಡಿಯೋದಲ್ಲಿ ಬೆಳಗ್ಗೆ ಸಂಜೆ ಮೊಳಗುತ್ತಿತ್ತು. ಸೊರಖಾ ಆ ಹಾಡನ್ನು ಕಾರಿನೊಳಗೆ ಕದ್ದು ಕೇಳಿ, ಸಾಲು ಸಾಲಿಗೂ ತಪ್ಪು ಹುಡುಕಿದಳು. ಕೊನೆಯ ಚರಣದಲ್ಲಿ ಒಂದೂ ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಹೊಟ್ಟೆ ಉರಿಯಿತು!

ಕ್ಲೋಡಾಳಿಗೆ ಗಿಟಾರ್ ನುಡಿಸಲು ಕೋಲಮ್ ಹೋದಾಗಲಂತೂ ಉರಿ ನೆತ್ತಿಗೇರಿತು. ತಡೆಯಲಾರದೆ ಒಂದು ದಿನ ಅವರ ಕಾರ್ಯಕ್ರಮಕ್ಕೆ ಹೋಗಿ ಹಿಂದಿನ ಗೋಡೆಗೊರಗಿ ನಿಂತಳು. ಅವನ ಕೈಯಲ್ಲಿ ಒಂದೇ ಒಂದು ತಪ್ಪಿಲ್ಲ. ಬೆರಳು ಬೆಣ್ಣೆಯಲ್ಲಿ ಓಡಾಡಿದ ಹಾಗೆ ಓಡಾಡುತ್ತಿದ್ದವು.

'ನನ್ನ ಜೊತೆಯಾದರೆ ಶುರುವಿನಲ್ಲೇ ಎಡವುತ್ತಾನೆ. ನಡುವೆ ನುಡಿಸುವುದನ್ನೇ ಮರೆತು ಸುಮ್ಮನಾಗುತ್ತಾನೆ. ನನ್ನ ಹಾಡು ಬೇಜಾರಾಗಿದೆ ಅವನಿಗೆ... ನಾನೂ ಸಾಕಾಗಿದ್ದೇನೆ.'

ಮರುದಿನದಿಂದ ಅವನ ಫೋನ್ ಎತ್ತುವುದನ್ನೇ ಬಿಟ್ಟಳು.

ಅಷ್ಟರಲ್ಲಿ ಕೋಲಮ್‌ನ ತಂಗಿಯ ಮಗುವಿನ ನಾಮಕರಣ ಬಂತು. ಭಾನುವಾರ ಮಧ್ಯಾಹ್ನ, ಕಿನ್ವಾರಾದಲ್ಲಿ, ಅವನ ದೊಡ್ಡಮ್ಮ ಬ್ರೀಜಳ ಮನೆ. ತಂಗಿ ಕೈ ಹಿಡಿದು ಕರೆದಿದ್ದರಿಂದ ಸೊರಖಾ ಹೋದಳು. ಕ್ಲೋಡಾಳನ್ನೂ ಕರೆದಿದ್ದರು. ಅವಳು ಕೋಲಮ್‌ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು!

ಅಡುಗೆಮನೆಯಲ್ಲಿ ಬ್ರೆಡ್ ಕೊಯ್ಯುತ್ತಾ ಬ್ರೀಜ್ ಸುದ್ದಿ ಮುಟ್ಟಿಸಿದಳು. ಈ ಚಳಿಗಾಲವಿಡೀ ತನ್ನ ಜೊತೆ ನುಡಿಸಲು ಜರ್ಮನಿಗೆ ಬಾ ಅಂತ ಕ್ಲೋಡಾ ಕೋಲಮ್‌ನನ್ನು ಕೇಳಿದ್ದಾಳಂತೆ. ಇವತ್ತೇ ಅವನು ಉತ್ತರ ಹೇಳಬೇಕಂತೆ.

"ನಿಂಗೇನೂ ಅನ್ಸಲ್ವೇನೇ?" ಅಂದಳು ಬ್ರೀಜ್.

"ನಂಗ್ಯಾಕೆ ಅನ್ಸಬೇಕು?" ಅನ್ನುತ್ತಾ ಸೊರಖಾ ತುಂಬಿದ ಟೀ ಲೋಟಕ್ಕೇ ಮತ್ತೆ ಟೀ ಬಗ್ಗಿಸಿದಳು.

ಊಟವಾದ ಮೇಲೆ ಹಾಡು ಶುರುವಾಯಿತು. ಒಬ್ಬರು ಹಾಡಿ ಮುಗಿಸಿದರೆ ಮುಂದಿನವರನ್ನು ಕರೆಯುವ ಹಕ್ಕು ಅವರದೇ. ಕರೆಸಿಕೊಂಡವರು ಒಲ್ಲೆ ಅನ್ನುವಂತಿಲ್ಲ. ಹಾಡು ಬಾರದಿದ್ದರೆ ಏನಾದರೂ ಹೇಳಲೇಬೇಕು. ಅವರು ಮುಗಿಸುವ ತನಕ ಬೇರೆಯವರು ತುಟಿ ಬಿಚ್ಚುವಂತಿಲ್ಲ. ಬ್ರೀಜಳ ಮನೆಯಲ್ಲಿ ಪಾದ್ರಿಗೂ ಇದರಿಂದ ವಿನಾಯಿತಿ ಇರಲಿಲ್ಲ.

ಕ್ಲೋಡಾ ಹಾಡಿದಳು. ಚೆನ್ನಾಗಿಯೇ ಹಾಡಿದಳು, ಪಾಪಿ. ಮುಗಿಸಿ ನಗುತ್ತಾ, "ಸೊರಖಾ," ಅಂದಳು.

ಸೊರಖಾ ಎದ್ದಳು. ಇನ್ನೂ ಯಾರಿಗೂ ಹಾಡಿ ತೋರಿಸಿರದ ಹೊಸ ಹಾಡೊಂದು ಅವಳ ಹತ್ತಿರವಿತ್ತು. ಇನ್ನೊಬ್ಬಳ ಹಿಂದೆ ನಿಂತು ಗಿಟಾರ್ ನುಡಿಸುವವನ ಬಗ್ಗೆ, ಗೋಡೆಗೊರಗಿ ಅದನ್ನು ನೋಡುವವಳ ಬಗ್ಗೆ. ಒಂದು ಮಾತನ್ನೂ ನಯ ಮಾಡದೆ ಹಾಡಿದಳು. ಯಾರ ವಿಷಯ ಅಂತ ಕೂತವರಿಗೆಲ್ಲ ಗೊತ್ತಾಯಿತು. ಕೋಲಮ್‌ನ ಕಿವಿ ಕೆಂಪಾಯಿತು.

ಈಗ ಕರೆಯುವ ಹಕ್ಕು ಅವಳದು.

'ಜನ್ಮದಲ್ಲಿ ಒಂದೂ ಹಾಡು ಹಾಡಿದವನಲ್ಲ. ಎಲ್ಲರೆದುರು ಒದ್ದಾಡಲಿ!'

"ಕೋಲಮ್," ಅಂದಳು.

ಅವನು ಗಿಟಾರ್ ಬದಿಗಿಟ್ಟು ಎದ್ದ. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ತುರುಕಿಕೊಂಡ.

"ನಂಗೆ ಹಾಡೋಕೆ ಬರಲ್ಲ. ನಡೆದಿದ್ದನ್ನೇ ಹೇಳ್ತೀನಿ. ಕ್ಲೋಡಾ ಹಾಡ್ತಿದ್ರೆ ನನ್ ಕೈ ಒಂದ್ಸಲಾನೂ ತಪ್ಪಲ್ಲ. ಯಾಕಂದ್ರೆ ಕೆಲಸ ಅದು. ಈ ಸೊರಖಾ ಹಾಡ್ತಿದ್ರೆ... ನಾನು ಕೇಳ್ತಾ ನಿಂತ್ಬಿಡ್ತೀನಿ. ನುಡಿಸ್ಬೇಕು ಅನ್ನೋದೇ ಮರ್ತೋಗುತ್ತೆ. ಇದನ್ನ ಹೇಳೋಣ ಅಂದ್ರೆ ಫೋನ್ ಎತ್ತಲ್ಲ."

ಸೊರಖಾ ತಲೆಯೆತ್ತಿ ಅವನನ್ನೇ ನೋಡಿದಳು.

"ಜರ್ಮನಿಗೆ ಕರೀತಿದಾರೆ. ಹೋಗ್ಲೋ ಬೇಡ್ವೋ ಗೊತ್ತಾಗ್ತಿಲ್ಲ. ಇವಳು ಇವತ್ತಿನವರೆಗೂ ನನ್ನ ಬಾ ಅಂದಿಲ್ಲ, ಇರು ಅಂದಿಲ್ಲ. ಇದ್ರೂ ಹೋದ್ರೂ ಇವಳಿಗೆ ಒಂದೇ ಏನೋ ಅಂತ..."

"ಹೋಗ್ಬೇಡ."

"ಶ್!" ಅಂದಳು ಬ್ರೀಜ್. ಅವನಿನ್ನೂ ಮುಗಿಸಿರಲಿಲ್ಲ.

ಆದರೆ ಸೊರಖಾ ನಿಲ್ಲಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಬ್ಬರ ಮುಂದೆ ಬೇಡುತ್ತಿದ್ದಳು. ನಾಚಿಕೆಯಲ್ಲಿ ಮುಖ ಸುಡುತ್ತಿತ್ತು.

"ಹೋಗ್ಬೇಡ ಕೋಲಮ್. ನನ್ ಜೊತೆ ಇರು. ತಪ್ಪು ನುಡಿಸಿದ್ರೂ ಪರವಾಗಿಲ್ಲ, ಇರು."

ಕ್ಲೋಡಾ ಸ್ಯಾಂಡ್‌ವಿಚ್ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, ಹಾಗಾದರೆ ತಾನು ಬೇರೆ ಗಿಟಾರಿನವನನ್ನು ಹುಡುಕಿಕೊಳ್ಳಬೇಕು ಅಂತ ನಿಟ್ಟುಸಿರುಬಿಟ್ಟಳು. ಸೋತವಳ ನಿಟ್ಟುಸಿರೇ ಅದು, ಆದರೂ ಸ್ಯಾಂಡ್‌ವಿಚ್ ತಿಂದಳು. ಬ್ರೀಜ್ ನಿಯಮ ಮುರಿದವಳನ್ನೂ ಕೋಲಮ್‌ನನ್ನೂ ಅಡುಗೆಮನೆಗೆ ದಬ್ಬಿ ಬಾಗಿಲು ಹಾಕಿದಳು.

ಒಳಗೆ ಕೋಲಮ್ ಅವಳ ಎರಡೂ ಕೈ ಹಿಡಿದುಕೊಂಡ. ಅವನ ಬೆರಳು ತಣ್ಣಗಿದ್ದವು.

"ಇನ್ನೊಂದ್ಸಲ ಹೇಳು."

"ಒಂದ್ಸಲ ಹೇಳೋದ್ರಲ್ಲೇ ಪ್ರಾಣ ಹೋಯ್ತು."

"ಕ್ಲೋಡಾ ಮೇಲಿನ ಸಿಟ್ಟು ಇಳೀತಾ?"

"ಇಲ್ಲ. ಮತ್ತೆ ಅವಳ ಪಕ್ಕ ಕೂತ್ರೆ ಕೊಂದ್ಹಾಕ್ತೀನಿ."

"ಅವಳನ್ನಾ?"

"ನಿನ್ನನ್ನ."

ಅವನು ನಕ್ಕ. ಆಮೇಲೆ ನಗು ನಿಂತಿತು. ಮೆಲ್ಲಗೆ ಕೇಳಿದ, "ಸೊರಖಾ... ನನ್ನ ಪ್ರೀತಿಸ್ತೀಯಾ?"

ಅವಳು ಅವನ ಎದೆಗೆ ಹಣೆಯಿಟ್ಟಳು.

"ಇಲ್ದಿದ್ರೆ ಇಷ್ಟೊಂದು ಹೊಟ್ಟೆ ಉರೀತಿತ್ತೇನೋ, ಪೆದ್ದ?"