ಹಾಲಿನ ಡೈರಿಯ ಹೊಸ ಐಕಾನ್

"ಅಮ್ಮಾ, ಮತ್ತೆ ಕ್ಲೋಸ್ ಮಾಡಿಬಿಟ್ಯಲ್ಲ!"

ಪುಷ್ಪಾ ಹಣೆ ಚಚ್ಚಿಕೊಂಡಳು. ಸೊಕ್ಕೆ ಊರಿನ ಹಾಲಿನ ಡೈರಿಯಲ್ಲಿ ಕ್ಯಾನು, ತಂಬಿಗೆ ಹಿಡಿದವರ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಹಾಲು ಅಳೆದು ಕಂಪ್ಯೂಟರಿಗೆ ಬರೆಯುವ ಕೆಲಸ ಅವಳ ಅಮ್ಮ ಲಕ್ಷ್ಮಿದೇವಿಯದು. ಸೇರಿ ಎರಡೇ ವಾರ.

ಅಮ್ಮನದು ಒಂದೇ ಹಟ. ಹಾಲು ಸುರಿದ ಕೂಡಲೇ ಕ್ಯಾನಿಗೆ ಮುಚ್ಚಳ ಬೀಳಬೇಕು, ನೊಣ ಕೂರಬಾರದು. ಅದೇ ಕೈ ಕಂಪ್ಯೂಟರಿಗೂ ಹೋಗುತ್ತಿತ್ತು. ಒಬ್ಬರ ಹಾಲು ಬರೆದಾಯಿತೋ, ಮೂಲೆಯ ಇಂಟು ಗುರುತು ಒತ್ತಿ ಟಪ್ಪನೆ ಮುಚ್ಚಿಬಿಡುವಳು. ಡೈರಿಯ ಪೇಜು ಮಾಯ! ಮುಂದಿನವರಿಗೆ ಮತ್ತೆ ಬ್ರೌಸರ್ ತೆರೆಯಬೇಕು, ಮಾರುದ್ದದ ಅಡ್ರೆಸ್ ಟೈಪ್ ಮಾಡಬೇಕು.

"ಹಂಗೇ ಬಿಟ್ರೆ ಏನಮ್ಮಾ?"

"ಏನ್ ಮಾಡ್ಲೇ, ಕೈ ತಾನೇ ಹೋಗ್ತೈತೆ."

ಹೊರಗೆ ಹಾಲಿನ ವ್ಯಾನು ಹಾರ್ನ್ ಹೊಡೆಯತೊಡಗಿತು. ಡೈರಿ ಅಧ್ಯಕ್ಷ ತಿಪ್ಪೇಶಪ್ಪ ಮುಖ ಗಂಟಿಕ್ಕಿಕೊಂಡು ಒಳಗೆ ಬಂದರು.

"ನೋಡ್ರಿ ಲಕ್ಷ್ಮಿದೇವಮ್ಮ, ದಿನಾ ವ್ಯಾನು ಕಾಯಾಕೆ ಆಗಲ್ಲ. ನಾಳೆನೂ ಹಿಂಗೇ ಆದ್ರೆ ಬೇರೆಯವರನ್ನ ಕೂರಿಸ್ತೀನಿ."

ಅಮ್ಮ ತಲೆ ತಗ್ಗಿಸಿ ಮತ್ತೆ ಅಡ್ರೆಸ್ ಟೈಪ್ ಮಾಡತೊಡಗಿದಳು.

ಅವತ್ತು ಶಾಲೆಯಲ್ಲಿ ಸತೀಶ್ ಕುಮಾರ್ ಸರ್ ಟೈಪಿಂಗ್ ಗೇಮ್ ತೆರೆದರು. ಮೇಲೆ ಟ್ಯಾಬ್ ಇಲ್ಲ, ಅಡ್ರೆಸ್ ಇಲ್ಲ.

"ಸರ್, ಇದು ವೆಬ್‌ಸೈಟ್ ಅಲ್ವಾ?"

"ವೆಬ್‌ಸೈಟೇ ಕಣಮ್ಮ. ಬ್ರೌಸರ್ ಮೂಲೇಲಿ ಮೂರು ಚುಕ್ಕಿ ಐತಲ್ಲ, ಅಲ್ಲಿ ಹೋಗಿ ಆ್ಯಪ್ ಥರ ಇನ್‌ಸ್ಟಾಲ್ ಮಾಡಿದೀನಿ. ಈಗ ಅದರದೇ ಐಕಾನು, ಅದರದೇ ಕಿಟಕಿ."

ಪುಷ್ಪಾ ಕೂತಲ್ಲೇ ನೆಗೆದಳು.

ಸಂಜೆಯ ಹಾಲು ಮುಗಿಯಿತು. ಅವಳು ತಿಪ್ಪೇಶಪ್ಪನವರನ್ನು ಕೇಳಿ ಕಂಪ್ಯೂಟರ್ ಮುಂದೆ ಕೂತಳು. ಮೂರು ಚುಕ್ಕಿ, ಇನ್‌ಸ್ಟಾಲ್. ಪರದೆಯ ಮೇಲೆ ಡೈರಿಯ ಐಕಾನ್ ಬಂದು ಕೂತಿತು. "ಇದನ್ನ ಎರಡು ಸಲ ಒತ್ತಮ್ಮಾ, ಸಾಕು."

ಮರುದಿನ ಬೆಳಿಗ್ಗೆ ಅಮ್ಮ ಐಕಾನ್ ಒತ್ತಿದಳು, ಬರೆದಳು, ಟಪ್ಪನೆ ಮುಚ್ಚಿದಳು. "ಅಯ್ಯೋ!" ಎಂದು ಮಗಳ ಮುಖ ನೋಡಿದಳು.

"ಮುಚ್ಚಮ್ಮಾ, ಎಷ್ಟು ಸಲ ಬೇಕಾದ್ರೂ ಮುಚ್ಚು. ಐಕಾನ್ ಎಲ್ಲಿಗೂ ಹೋಗಲ್ಲ!"

ಆಮೇಲೆ ಅಮ್ಮನನ್ನು ಹಿಡಿಯುವವರೇ ಇರಲಿಲ್ಲ. ಒತ್ತು, ಬರೆ, ಮುಚ್ಚು, ಕ್ಯಾನಿಗೆ ಮುಚ್ಚಳ. ಸಾಲು ಸರಸರನೆ ಕರಗಿತು. ವ್ಯಾನು ಬಂದಾಗ ಕ್ಯಾನುಗಳೆಲ್ಲ ಬಾಗಿಲಲ್ಲಿ ತಯಾರಾಗಿದ್ದವು. ಡ್ರೈವರ್ ಮಾರುತಿ ಕಣ್ಣರಳಿಸಿ, "ಇವತ್ತು ನಾನೇ ಲೇಟಾ?" ಎಂದ. ತಿಪ್ಪೇಶಪ್ಪನವರ ಮುಖದ ಗಂಟು ಸಡಿಲವಾಯಿತು. "ನಾಳೆನೂ ಹೊತ್ತಿಗೆ ಸರಿಯಾಗಿ ಬರ್ರಿ ಲಕ್ಷ್ಮಿದೇವಮ್ಮ," ಎಂದರು.

ಕೊನೆಗೆ ಬಂದ ಗಾದ್ರಜ್ಜಿ ಖಾಲಿ ತಂಬಿಗೆ ಹಿಡಿದು ಹೊರಡುತ್ತಾ, "ನಿಮ್ಮಮ್ಮ ಬಂದ ಮ್ಯಾಲೆ ಮುಚ್ಚಳ ಕೂಡ್ಲೇ ಬೀಳ್ತೈತೆ, ಒಂದು ಕ್ಯಾನ್ ಹಾಲೂ ಕೆಟ್ಟಿಲ್ಲ ನೋಡೇ," ಎಂದಳು.

ಪುಷ್ಪಾ ಅಮ್ಮನ ಕೈ ನೋಡಿದಳು. ಎರಡು ವಾರದಿಂದ ತಾನು ಬೈದದ್ದು ಆ ಕೈಯನ್ನೇ. ಅವಳಿಗೆ ನಾಚಿಕೆಯಾಯಿತು. ಆದರೆ ಖುಷಿ ಅದಕ್ಕಿಂತ ದೊಡ್ಡದಿತ್ತು. ಶಾಲೆಯ ಚೀಲ ಹೆಗಲಿಗೇರಿಸುವ ಮೊದಲು ಅಮ್ಮನ ಪಕ್ಕ ಹೋಗಿ ಸುಮ್ಮನೆ ಒರಗಿ ನಿಂತಳು.