ಹಾರದ ಹಿಂದಿನ ನಗು

ಬಾಗಿಲಲ್ಲಿ ನಿಂತವನನ್ನು ಕಂಡು ಕರುಣಾಳ ಕೈಯಿಂದ ಸುತ್ತಿಗೆ ಜಾರಿ ಬಿತ್ತು.

ಅಯ್ಯೋ… ಅದೇ ಮುಖ! ಬೆಳಿಗ್ಗೆಯಷ್ಟೇ ಫ್ರೇಮ್ ಹಾಕಿ, ಗಂಧದ ಹಾರ ತೊಡಿಸಿ ಗೋಡೆಗೆ ತೂಗುಹಾಕಿದ್ದಳಲ್ಲ!

ಅವನೂ ಗೋಡೆ ನೋಡಿದ.

“ಅಲ್ರೀ… ನಾ ಯಾವಾಗ ಸತ್ನಿ?”

ತಪ್ಪು ಅವಳೊಬ್ಬಳದೇ ಅಲ್ಲ ಬಿಡಿ. ಒಬ್ಬರದೇ ದೊಡ್ಡ ಫೋಟೋ ಬಂದರೆ ಹಾರ ಹಾಕಿಯೇ ಕೊಡುವುದು ದೇಶಪಾಂಡೆ ನಗರದ ಅವಳ ಫ್ರೇಮ್ ಅಂಗಡಿಯ ರೂಢಿ. ಹತ್ತಿರದ ಸುಳ್ಳ ಹಳ್ಳಿಯ ಶಾಲೆಯವರು “ಲೋಹಿತ ಮಾಸ್ತರ್ದು, ಲಗೂ ಬೇಕು” ಎಂದರೇ ಹೊರತು, ಸನ್ಮಾನಕ್ಕೆ ಎಂದು ಬಾಯಿ ಬಿಡಲಿಲ್ಲ.

“ತಪ್ಪಾತ್ರಿ ಸರ್…”

“ಹಾರ ಎತ್ತಿಡ್ರಿ. ಒಂದಿನ ಬೇಕಾಗೂದ!” ಲೋಹಿತ ಹೊಟ್ಟೆ ಹಿಡಿದುಕೊಂಡು ನಕ್ಕ.

ಕರುಣಾಳಿಗೆ ಸಿಟ್ಟು ನೆತ್ತಿಗೇರಿತು. ಎರಡು ವರ್ಷದ ಹಿಂದೆ ಅಪ್ಪನ ಫೋಟೋಗೆ ತನ್ನ ಕೈಯಾರೆ ಹಾರ ಹಾಕಿದವಳು ಅವಳು. ಸಾವೆಂದರೆ ಇವನಿಗೆ ತಮಾಷೆಯೇ?

ಆದರೂ ಪ್ರತಿ ಶನಿವಾರ ಶಾಲೆ ಬಿಟ್ಟೊಡನೆ ಅವನು ಬಂದ. ಮಕ್ಕಳ ಚಿತ್ರಗಳಿಗೆ ಫ್ರೇಮ್ ಹಾಕಿಸುವ ನೆಪ! ಆರನೆಯ ಶನಿವಾರದ ಹೊತ್ತಿಗೆ ಕರುಣಾ ಎರಡು ಕಪ್ ಚಹಾ ತರಿಸಿಟ್ಟು ದಾರಿ ಕಾಯುತ್ತಿದ್ದಳು.

“ನನ್ನ ಮದುವಿ ಆಗ್ತೀರೇನ್ರಿ?” ಅವತ್ತು ಅವನು ನೇರವಾಗಿ ಕೇಳಿದ.

ಮನಸ್ಸು ಹೌದೆಂದಿತು. ಬಾಯಿ ಬೇರೆಯೇ ಹೇಳಿತು.

“ಬ್ಯಾಡ್ರಿ… ನಿಮ್ಮ ಫೋಟೋಕ್ಕ ಖರೇನ ಹಾರ ಹಾಕೂ ದಿನ ಬಂದ್ರ ನನ್ನ ಕೈಲೆ ಆಗೂದಿಲ್ಲ!”

“ಒಂದಿನ ಎಲ್ಲಾರೂ ಹೋಗೂದ ಐತ್ರಿ. ಅದಕ್ಕಂತ ಇವತ್ತಿನ ಚಹಾ ಆರಿಸ್ಕೊಂಡು ಕುಂದ್ರೂದೇನು?”

ಅವಳು ಮುಖ ತಿರುಗಿಸಿದಳು. ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ಮೂರನೆಯ ಶನಿವಾರ, ಅಂಗಡಿಯಲ್ಲಿದ್ದ ಅಪ್ಪನ ಫೋಟೋ ಒರೆಸಲೆಂದು ಹಾರ ತೆಗೆದ ಕರುಣಾ ಹಾಗೇ ನಿಂತುಬಿಟ್ಟಳು. ಅಂಗಡಿ ತೆರೆದ ದಿನ ತೆಗೆದ ಫೋಟೋ ಅದು. ಕೈಯಲ್ಲಿ ಮಂಡಕ್ಕಿ ಗಿರ್ಮಿಟ್ಟಿನ ಪ್ಲೇಟು, ಮುಖದ ತುಂಬ ನಗು! ಎರಡು ವರ್ಷ ಅವಳು ನೋಡಿದ್ದು ಬರೀ ಹಾರವನ್ನು.

‘ಸಾಯೂತನಕ ನಕ್ಕ ಅಪ್ಪನ ಮಗಳು ನಾ… ಬದುಕಾಕ ಹೆದರಿ ಕುಂತೇನಲ್ಲ!’

ಶಟರ್ ಎಳೆದವಳೇ ಸುಳ್ಳದ ಬಸ್ ಹತ್ತಿದಳು.

ಶಾಲೆಯ ಗೇಟಿನಲ್ಲಿ ಲೋಹಿತ ಕಣ್ಣುಜ್ಜಿಕೊಂಡು ನೋಡಿದ. “ನೀವು?… ಇದೇನ್ರಿ, ಖಾಲಿ ಫ್ರೇಮ್ ತಂದೀರಿ?”

“ಇಬ್ಬರದೂ ಕೂಡಿ ಒಂದು ಫೋಟೋ ತಗಸೂಣಂತ… ಎರಡು ಶನಿವಾರ ಯಾಕ ಬರ್ಲಿಲ್ಲ?”

“ಬ್ಯಾಡ ಅಂದಿದ್ರಲ್ಲ.”

“ಅಂದಿದ್ದೆ. ಹೆದರಿಕಿ ಈಗೂ ಐತ್ರಿ. ಆದ್ರ… ಚಹಾ ಆರಾಕತ್ತೈತಿ.”

ಅವನ ಕಣ್ಣು ತುಂಬಿ ಬಂತು. ಆದರೂ ಕೀಟಲೆ ಬಿಡಲಿಲ್ಲ.

“ಮತ್ತ ನನ್ನ ಗಂಧದ ಹಾರ?”

“ಇನ್ನಾ ಐವತ್ತು ವರ್ಷ ಅಂಗಡ್ಯಾಗ ಇರ್ಲಿ. ಸದ್ಯಕ್ಕ ಮಲ್ಲಿಗಿ ಹಾರ ತರ್ರಿ… ಎರಡು!”